ಕಾರಿನ ಫ್ಯೂಸ್ ಪದೇ ಪದೇ ಹೋಗುತ್ತಿದೆಯಾ? ಒಂದು ಬಲ್ಬಿನಿಂದ ಶಾರ್ಟ್ ಹುಡುಕುವ ದಾರಿ

ಒಂದು ಮಳೆಗಾಲ ನನ್ನ ಹಳೆಯ ಪೆಟ್ರೋಲ್ ಕಾರಿನಲ್ಲಿ ಪಾರ್ಕಿಂಗ್ ಲೈಟಿನ ಫ್ಯೂಸ್ ಹೋಗಲು ಶುರುವಾಯಿತು. ಕೆಂಪು ಬಣ್ಣದ 10 ಆಂಪಿಯರ್ ಫ್ಯೂಸ್. ಹೊಸದು ಹಾಕಿದರೆ ಲೈಟ್ ಉರಿಯುತ್ತಿತ್ತು. ಬೀದಿಯ ಮೊದಲ ಹಂಪ್ ದಾಟುವಷ್ಟರಲ್ಲಿ ಹಿಂದಿನ ಕೆಂಪು ದೀಪ, ನಂಬರ್ ಪ್ಲೇಟ್ ದೀಪ, ಡ್ಯಾಶ್‌ಬೋರ್ಡಿನ ಬೆಳಕು ಎಲ್ಲ ಒಟ್ಟಿಗೆ ಆರುತ್ತಿದ್ದವು. ಒಂದೇ ವಾರದಲ್ಲಿ ಒಂಬತ್ತು ಫ್ಯೂಸ್ ಸುಟ್ಟೆ. ಹತ್ತನೆಯದನ್ನು ಕೊಳ್ಳಲು ಹೋದಾಗ ಅಂಗಡಿಯ ಪಕ್ಕದ ಮೆಕ್ಯಾನಿಕ್ ಒಬ್ಬ, "30ರದ್ದು ಹಾಕ್ಬಿಡಿ ಸಾರ್, ಆಮೇಲೆ ಹೋಗೋದೇ ಇಲ್ಲ" ಎಂದ. ಅವನು ಹೇಳಿದ್ದು ನಿಜವೇ. ಫ್ಯೂಸ್ ಹೋಗುತ್ತಿರಲಿಲ್ಲ. ಅದರ ಬದಲು ವೈರ್ ಹೋಗುತ್ತಿತ್ತು, ನನ್ನ ಅದೃಷ್ಟ ಕೆಟ್ಟಿದ್ದರೆ ಕಾರೂ ಹೋಗುತ್ತಿತ್ತು.

ಆ ಶಾರ್ಟ್ ಸಿಗಲು ನನಗೆ ಒಂದೂವರೆ ದಿನ ಹಿಡಿಯಿತು. ದಾರಿ ಗೊತ್ತಿದ್ದಿದ್ದರೆ ಒಂದೂವರೆ ಗಂಟೆಯ ಕೆಲಸ. ಆ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ನನ್ನ ಪಾರ್ಕಿಂಗ್ ಲೈಟನ್ನೇ ಇಟ್ಟುಕೊಳ್ಳುತ್ತೇನೆ. ಹಾರ್ನ್, ಸ್ಟೀರಿಯೊ, ವೈಪರ್, ರಿವರ್ಸ್ ಲೈಟ್ ಯಾವುದಾದರೂ ದಾರಿ ಹೆಚ್ಚುಕಡಿಮೆ ಇದೇ.

ಇದು ಶಾರ್ಟೇ ಹೌದಾ?

ಕಾರಿನಲ್ಲಿ ಬ್ಯಾಟರಿಯ ನೆಗೆಟಿವ್ ನೇರವಾಗಿ ಕಾರಿನ ಲೋಹದ ಮೈಗೆ, ಅಂದರೆ ಬಾಡಿಗೆ, ಸೇರಿರುತ್ತದೆ. ಇಡೀ ಕಾರಿನ ಕಬ್ಬಿಣವೇ ಕರೆಂಟ್ ವಾಪಸ್ ಬರುವ ವೈರ್. ಪಾಸಿಟಿವ್ ವೈರಿನ ಮೇಲಿನ ಪ್ಲಾಸ್ಟಿಕ್ ಸವೆದು ಒಳಗಿನ ತಾಮ್ರ ಬಾಡಿಗೆ ತಾಗಿತು ಅಂದುಕೊಳ್ಳಿ. ಕರೆಂಟಿಗೆ ಬಲ್ಬಿನವರೆಗೆ ಹೋಗುವ ಕೆಲಸವೇ ಉಳಿಯುವುದಿಲ್ಲ, ಅಲ್ಲೇ ಬಾಡಿಗೆ ಇಳಿದುಬಿಡುತ್ತದೆ. ತಡೆಯಲು ಏನೂ ಇಲ್ಲದ ಕಾರಣ ನೂರಾರು ಆಂಪಿಯರ್ ನುಗ್ಗಲು ನೋಡುತ್ತದೆ, ಫ್ಯೂಸ್ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ. ಗ್ಯಾರೇಜಿನಲ್ಲಿ ಇದನ್ನು 'ಬಾಡಿ ಶಾರ್ಟ್' ಅನ್ನುತ್ತಾರೆ. ನೂರರಲ್ಲಿ ಹೆಚ್ಚಿನ ಕೇಸು ಇದೇ.

ಇದರ ಅಣ್ಣತಮ್ಮಂದಿರೂ ಇದ್ದಾರೆ, ಗೊಂದಲ ಬೇಡ. ಫ್ಯೂಸ್ ಸರಿ ಇದ್ದೂ ಲೈಟ್ ಉರಿಯದಿದ್ದರೆ ಎಲ್ಲೋ ವೈರ್ ಕಡಿದಿದೆ ಅಥವಾ ಅರ್ಥ್ (ಬಾಡಿಗೆ ಸೇರುವ ವೈರ್) ಬಿಟ್ಟಿದೆ, ಅದು ಶಾರ್ಟ್ ಅಲ್ಲ. ಬ್ರೇಕ್ ಒತ್ತಿದರೆ ಇನ್ಯಾವುದೋ ದೀಪ ಉರಿಯುತ್ತಿದ್ದರೆ ಎರಡು ವೈರ್ ಒಂದಕ್ಕೊಂದು ತಾಗಿರಬಹುದು. ಅಥವಾ ಎರಡು ತಂತಿಯ ಬಲ್ಬಿನಲ್ಲಿ ಒಂದು ತಂತಿ ತುಂಡಾಗಿ ಇನ್ನೊಂದರ ಮೇಲೆ ಬಿದ್ದಿರಬಹುದು. ಅರ್ಥ್ ಸಡಿಲವಾದರೂ ಹೀಗೇ ಆಟ ಆಡಿಸುತ್ತದೆ. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಅದು ಬೇರೆಯದೇ ಕಥೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಸುಟ್ಟ ಫ್ಯೂಸನ್ನೂ ಬೆಳಕಿಗೆ ಹಿಡಿದು ನೋಡಿ, ಅದು ಸ್ವಲ್ಪ ಮಾತಾಡುತ್ತದೆ. ಒಳಗಿನ ಪಟ್ಟಿ ಚೂರೂ ಉಳಿಯದೆ, ಪ್ಲಾಸ್ಟಿಕ್ ಕಪ್ಪಾಗಿದ್ದರೆ ಅಥವಾ ಬೆಳ್ಳಿ ಸಿಡಿದಂತಿದ್ದರೆ ನೇರ ಶಾರ್ಟ್. ಪಟ್ಟಿ ನಡುವೆ ಮೆತ್ತಗೆ ಕರಗಿ ಸಣ್ಣದಾಗಿ ಬಿಟ್ಟುಕೊಂಡಿದ್ದರೆ ಲೋಡ್ (ಆ ಫ್ಯೂಸಿನಿಂದ ಕರೆಂಟ್ ಎಳೆಯುವ ಬಲ್ಬು, ಮೋಟರ್ ಇತ್ಯಾದಿ) ಜಾಸ್ತಿಯಾಗಿದೆ. ಮೋಟರ್ ಬಿಗಿಯಾಗಿರಬಹುದು, ಅಥವಾ ಯಾರೋ ಅದೇ ವೈರಿಗೆ ದೊಡ್ಡ ಹಾರ್ನ್ ಸೇರಿಸಿರಬಹುದು.

ಕೈ ಹಾಕುವ ಮೊದಲು

ಉಂಗುರ, ವಾಚು, ಕಡಗ ತೆಗೆದಿಡಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ. ಆದರೆ ಪಾಸಿಟಿವ್‌ಗೂ ಬಾಡಿಗೂ ನಡುವೆ ಸಿಕ್ಕ ಉಂಗುರ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಬ್ಯಾಟರಿಯ ಹತ್ತಿರ ಹೈಡ್ರೋಜನ್ ಗ್ಯಾಸ್ ಇರಬಹುದು, ಕಿಡಿಗೆ ಅದು ಒಳ್ಳೆಯ ಜಾಗ ಅಲ್ಲ.

ಹಳದಿ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಪ್ಲಗ್), ಹಳದಿ ಸ್ಲೀವ್ ಇರುವ ವೈರುಗಳು ಏರ್‌ಬ್ಯಾಗಿನವು. ಅವಕ್ಕೆ ಮೀಟರನ್ನೂ ಬೇಡ, ಟೆಸ್ಟ್ ಲ್ಯಾಂಪನ್ನೂ ಬೇಡ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಡೆ ಕೈ ಚಾಚಲೇಬೇಡಿ, ಅದರಲ್ಲಿ ನೂರಾರು ವೋಲ್ಟ್ ಇರುತ್ತದೆ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಇವತ್ತು ಈ ಕೆಲಸ ಬೇಡ.

ಒಂಬತ್ತು ಫ್ಯೂಸಿನ ಬದಲು ಒಂದು ಬಲ್ಬು

ಬೇಕಾದ ಸಾಮಾನು ಜಾಸ್ತಿ ಇಲ್ಲ. ಒಂದು ಮಾಮೂಲಿ ಮಲ್ಟಿಮೀಟರ್, ಟಾರ್ಚು, ಸ್ಕ್ರೂಡ್ರೈವರ್, 10 ನಂಬರ್ ಸ್ಪ್ಯಾನರ್, ಮತ್ತು ಬಹಳ ಮುಖ್ಯವಾಗಿ ಇಂಡಿಕೇಟರಿಗೆ ಹಾಕುವ 21 ವ್ಯಾಟಿನ ಬಲ್ಬು, ಅದರ ಹೋಲ್ಡರ್ ಸಮೇತ.

ಸುಟ್ಟ ಫ್ಯೂಸುಗಳನ್ನು ಎಸೆದಿಲ್ಲ ತಾನೇ? ಒಂದರ ಪ್ಲಾಸ್ಟಿಕ್ ತಲೆಯನ್ನು ಸ್ವಲ್ಪ ಒಡೆದು, ಎರಡೂ ಕಾಲಿಗೆ ಒಂದೊಂದು ವೈರ್ ಸೋಲ್ಡರ್ ಮಾಡಿ. ವೈರ್ ಎರಡು ಮೂರು ಮೀಟರ್ ಉದ್ದ ಇರಲಿ. ಇನ್ನೊಂದು ತುದಿಗೆ ಬಲ್ಬಿನ ಹೋಲ್ಡರ್. ಈಗ ಇದು ಫ್ಯೂಸಿನ ಜಾಗದಲ್ಲಿ ಸರಿಯಾಗಿ ಕೂರುವ ಬಲ್ಬು.

ಇದರ ಕೆಲಸ ಸರಳ. 21 ವ್ಯಾಟ್ ಬಲ್ಬಿನಲ್ಲಿ 12 ವೋಲ್ಟಿಗೆ ಹರಿಯುವುದು 1.75 ಆಂಪಿಯರ್ ಮಾತ್ರ. ಮುಂದೆ ವೈರ್ ಎಷ್ಟೇ ಗಟ್ಟಿಯಾಗಿ ಬಾಡಿಗೆ ತಾಗಿದ್ದರೂ ಅದಕ್ಕಿಂತ ಜಾಸ್ತಿ ಹೋಗಲು ಬಲ್ಬು ಬಿಡುವುದಿಲ್ಲ. ಫ್ಯೂಸ್ ಸುಡುವ ಚಿಂತೆ ಇಲ್ಲ, ವೈರ್ ಕಾಯುವ ಚಿಂತೆ ಇಲ್ಲ. ಶಾರ್ಟ್ ಇರುವಷ್ಟು ಹೊತ್ತು ಬಲ್ಬು ಪೂರ್ತಿ ಬೆಳಗುತ್ತದೆ. ಶಾರ್ಟ್ ಬಿಟ್ಟ ಕ್ಷಣ ಮಂಕಾಗುತ್ತದೆ, ಇಲ್ಲವೇ ಆರುತ್ತದೆ. ಫ್ಯೂಸ್ ನಿಮಗೆ ಒಂದೇ ಸಲ ಸುದ್ದಿ ಹೇಳಿ ಸಾಯುತ್ತದೆ, ಬಲ್ಬು ಹೇಳುತ್ತಲೇ ಇರುತ್ತದೆ. ಒಂದು ಎಚ್ಚರ: ಅದು ಚೆನ್ನಾಗಿ ಬಿಸಿಯಾಗುತ್ತದೆ, ಸೀಟಿನ ಮೇಲೋ ಕಾರ್ಪೆಟ್ ಮೇಲೋ ಇಡಬೇಡಿ.

ಬ್ಲೋವರ್, ಪವರ್ ವಿಂಡೋ ತರಹದ ದೊಡ್ಡ ಲೋಡಿಗೆ 55 ವ್ಯಾಟಿನ ಹೆಡ್‌ಲೈಟ್ ಬಲ್ಬು ಒಳ್ಳೆಯದು. ಇಂಜಿನ್ ಕಂಪ್ಯೂಟರ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾರದಂತೆ ನೋಡುವ ವ್ಯವಸ್ಥೆ), ಏರ್‌ಬ್ಯಾಗ್ ಫ್ಯೂಸುಗಳ ಜಾಗದಲ್ಲಿ ಮಾತ್ರ ಈ ಆಟ ಬೇಡ. ಅವುಗಳಿಗೆ ವೋಲ್ಟೇಜ್ ಕಮ್ಮಿಯಾದರೆ ಇಲ್ಲದ ದೂರುಗಳನ್ನೆಲ್ಲ ಹೇಳುತ್ತವೆ.

ಹಂತ 1: ಯಾವಾಗ ಹೋಗುತ್ತದೆ?

ಇದು ಪುಕ್ಕಟೆ ಪರೀಕ್ಷೆ, ಆದರೂ ಎಲ್ಲರೂ ಹಾರಿಸುವುದು ಇದನ್ನೇ. ಎಲ್ಲ ಸ್ವಿಚ್ ಆಫ್ ಇದ್ದಾಗಲೂ ಫ್ಯೂಸ್ ಇಟ್ಟ ಕೂಡಲೇ ಹೋಯಿತಾ? ಹಾಗಿದ್ದರೆ ಶಾರ್ಟ್ ಇರುವುದು ಫ್ಯೂಸಿಗೂ ಸ್ವಿಚ್ಚಿಗೂ ನಡುವೆ. ಸ್ವಿಚ್ ಒತ್ತಿದ ಮೇಲೆ ಹೋಯಿತಾ? ಸ್ವಿಚ್ಚಿನಿಂದ ಆಚೆ. ಸ್ಟೀರಿಂಗ್ ತಿರುಗಿಸಿದಾಗ ಹೋದರೆ ಸ್ಟೀರಿಂಗ್ ಕೆಳಗಿನ ವೈರಿಂಗ್ ನೋಡಿ. ಬಾಗಿಲು ತೆಗೆದಾಗ ಹೋದರೆ ಬಾಗಿಲಿನ ಸಂದಿಯ ರಬ್ಬರ್ ಕೊಳವೆ. ಮಳೆ ಬಂದ ಮರುದಿನ ಹೋದರೆ ನೀರು ಇಳಿದಿದೆ. ಹಂಪಿನ ಮೇಲೆ ಹೋದರೆ ಎಲ್ಲೋ ವೈರ್ ಜೋತು ಬಿದ್ದು ಅಲ್ಲಾಡುತ್ತಿದೆ.

ನನ್ನದು ಹಂಪಿನ ಕೇಸು. ಹಾಗಂತ ನಾನು ಕಾರಿನ ಕೆಳಗೆ ಮಲಗಿ ಅರ್ಧ ದಿನ ಕಳೆದೆ. ಅಲ್ಲಿ ಏನೂ ಇರಲಿಲ್ಲ.

ಹಂತ 2: ಆ ಫ್ಯೂಸಿನ ಸಂಸಾರ ಎಷ್ಟು ದೊಡ್ಡದು?

ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗೋ, ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲೋ ಚಿತ್ರ ಇರುತ್ತದೆ. ಸಾಮಾನ್ಯವಾಗಿ ಒಂದು ಬಾಕ್ಸ್ ಬಾನೆಟ್ ಕೆಳಗೆ, ಇನ್ನೊಂದು ಡ್ಯಾಶ್‌ಬೋರ್ಡಿನ ಕೆಳಗೆ. ಈ ಫ್ಯೂಸಿನಿಂದ ಏನೇನು ನಡೆಯುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಬಣ್ಣವನ್ನೂ ನೋಡಿ. 7.5 ಕಂದು, 10 ಕೆಂಪು, 15 ನೀಲಿ, 20 ಹಳದಿ, 25 ಬಿಳಿ, 30 ಹಸಿರು. ಮುಚ್ಚಳದಲ್ಲಿ 10 ಅಂತ ಇದ್ದು ಅಲ್ಲಿ ಹಸಿರು ಕೂತಿದ್ದರೆ ನಿಮಗಿಂತ ಮೊದಲು ಯಾರೋ ಆ ಮೆಕ್ಯಾನಿಕ್ ಮಾತು ಕೇಳಿದ್ದಾರೆ. ಆಗ ವೈರ್ ಎಲ್ಲಾದರೂ ಕಾದು ಮೆತ್ತಗಾಗಿದೆಯಾ ಎಂದೂ ನೋಡಬೇಕಾಗುತ್ತದೆ.

ನನ್ನ ಚೀಟಿಯಲ್ಲಿ ಇದ್ದದ್ದು ಮುಂದೆ ಎರಡು, ಹಿಂದೆ ಎರಡು, ನಂಬರ್ ಪ್ಲೇಟಿಗೆ ಒಂದು, ಹೀಗೆ 5 ವ್ಯಾಟಿನ ಐದು ಬಲ್ಬು, ಜೊತೆಗೆ ಡ್ಯಾಶ್‌ಬೋರ್ಡಿನ ಪುಟ್ಟ ದೀಪಗಳು. ಐದು ಬಲ್ಬಿಗೆ ಒಟ್ಟು 25 ವ್ಯಾಟ್, ಅಂದರೆ 2 ಆಂಪಿಯರಿಗೆ ಸ್ವಲ್ಪ ಜಾಸ್ತಿ. ಅಷ್ಟಕ್ಕೆ 10ರ ಫ್ಯೂಸ್ ಹೋಗುತ್ತಿದೆ ಎಂದರೆ ಫ್ಯೂಸ್ ಚಿಕ್ಕದಾಯಿತು ಅನ್ನುವ ಮಾತೇ ಇಲ್ಲ, ಅಲ್ವಾ?

ಹಂತ 3: ಕೊನೆಗೆ ಕೈ ಹಾಕಿದ್ದು ಯಾರು, ಎಲ್ಲಿ?

ಕಾರ್ಖಾನೆಯಲ್ಲಿ ಹಾಕಿದ ವೈರಿಂಗ್ ಸುಮ್ನೆ ಇದ್ದಲ್ಲೇ ಕೆಡುವುದು ಕಮ್ಮಿ. ಅದು ಕೆಡುವುದು ಮಡಚುವ ಕಡೆ, ಉಜ್ಜುವ ಕಡೆ, ಕಾಯುವ ಕಡೆ, ಮತ್ತು ಮನುಷ್ಯರು ಕೈ ಹಾಕಿದ ಕಡೆ. ಆಯುಧಪೂಜೆಗೆ ಅಂತ ಹಾಕಿಸಿದ ಫಾಗ್ ಲ್ಯಾಂಪ್, ಎರಡು ಸ್ವರದ ಹಾರ್ನ್, ರಿವರ್ಸ್ ಕ್ಯಾಮೆರಾ, ಹೊಸ ಸ್ಟೀರಿಯೊ ಇವನ್ನೆಲ್ಲ ಮೊದಲು ನೋಡಿ. ವೈರಿನ ನಡುವೆ ಸಿಪ್ಪೆ ಸುಲಿದು, ಇನ್ನೊಂದು ವೈರ್ ಸುತ್ತಿ, ಟೇಪ್ ಹಚ್ಚಿದ್ದು ಕಂಡರೆ ಅದೇ ಮೊದಲ ಅನುಮಾನ. ನಮ್ಮ ಬಿಸಿಲಿಗೆ ಆ ಕಪ್ಪು ಟೇಪಿನ ಅಂಟು ಕರಗಿ ಜಾರುತ್ತದೆ.

ಆಮೇಲೆ ಇಲಿ. ಬಾನೆಟ್ ಎತ್ತಿ ಹಿಕ್ಕೆ, ಚೂರು ಬಟ್ಟೆ, ತೆಂಗಿನ ನಾರು ಕಂಡರೆ ವೈರ್‌ಗಳ ಮೇಲೆ ಹಲ್ಲಿನ ಗುರುತು ಹುಡುಕಿ. ಮಳೆಗಾಲದಲ್ಲಿ ಬೆಚ್ಚಗಿನ ಇಂಜಿನ್ ಅವುಗಳಿಗೆ ಬಾಡಿಗೆ ಇಲ್ಲದ ಮನೆ. ಮರದ ಕೆಳಗೆ ನಿಲ್ಲಿಸುವ ಕಾರಾದರೆ ವೈಪರ್ ಕೆಳಗಿನ ನೀರಿನ ದಾರಿಯಲ್ಲಿ ಎಲೆ ಕಟ್ಟಿಕೊಂಡಿದೆಯಾ ನೋಡಿ. ಅಲ್ಲಿ ನಿಂತ ನೀರು ಡ್ಯಾಶ್‌ಬೋರ್ಡಿನ ಕೆಳಗೆ ಇಳಿದು ಫ್ಯೂಸ್ ಬಾಕ್ಸ್ ಸೇರುವುದುಂಟು. ಹಿಂದಿನ ದೀಪದ ಹೋಲ್ಡರಿನಲ್ಲಿ ಹಸಿರು ತುಕ್ಕು ಇದ್ದರೆ ಅದೂ ಅದೇ ಜಾತಿ.

ಹತ್ತು ಹದಿನೈದು ನಿಮಿಷ ಕಣ್ಣಿಗೆ ಕೆಲಸ ಕೊಡಿ. ಸಿಗದಿದ್ದರೆ ಬಲ್ಬು ತೆಗೆಯಿರಿ.

ಹಂತ 4: ಬಲ್ಬು ಇಟ್ಟು, ಒಂದೊಂದೇ ಬಿಚ್ಚಿ

ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು, ಬಲ್ಬಿನ ಕಾಲುಗಳನ್ನು ಅಲ್ಲಿ ಕೂರಿಸಿ. ಈಗ ಸ್ವಿಚ್ ಆನ್. ಬಲ್ಬು ಪೂರ್ತಿ ಬೆಳಗಿದರೆ ಶಾರ್ಟ್ ಈ ಕ್ಷಣ ಇದೆ, ಹಬ್ಬ. ಮಂಕಾಗಿ ಉರಿದರೆ ಕರೆಂಟ್ ಕಾರಿನ ಬಲ್ಬುಗಳ ಮೂಲಕ ಸರಿಯಾಗಿಯೇ ಹೋಗುತ್ತಿದೆ, ಶಾರ್ಟ್ ಸದ್ಯ ಅಡಗಿದೆ.

ಈಗ ಚೀಟಿ ಹಿಡಿದು ಒಂದೊಂದೇ ಲೋಡ್ ಬಿಚ್ಚುತ್ತ ಬನ್ನಿ. ಮುಂದಿನ ಎಡ ಬಲ್ಬು ತೆಗೆಯಿರಿ, ಪರೀಕ್ಷೆಯ ಬಲ್ಬು ನೋಡಿ. ಬಲ ತೆಗೆಯಿರಿ, ನೋಡಿ. ಹೋಲ್ಡರಿನಿಂದ ಬಲ್ಬು ತೆಗೆದರೆ ಸಾಲದು, ಹೋಲ್ಡರಿನ ಕಪ್ಲರನ್ನೂ ಬಿಚ್ಚಿ, ಶಾರ್ಟ್ ಹೋಲ್ಡರಿನ ಒಳಗೇ ಇರಬಹುದು. ಯಾವುದನ್ನು ಬಿಚ್ಚಿದಾಗ ಬೆಳಕು ದೊಡ್ಡದಾಗಿ ಇಳಿಯುತ್ತದೋ ಅಲ್ಲೇ ಕಳ್ಳ. ಎಲ್ಲ ಬಿಚ್ಚಿದ ಮೇಲೂ ಬಲ್ಬು ಧಗಧಗ ಅಂದರೆ ಶಾರ್ಟ್ ವೈರಿನಲ್ಲಿದೆ.

ಇಲ್ಲಿ ಒಬ್ಬರು ಜೊತೆಗಿದ್ದರೆ ಓಡಾಟ ತಪ್ಪುತ್ತದೆ. ನಾನು ಪಕ್ಕದ ಮನೆಯ ಹುಡುಗನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಬಲ್ಬು ಪೂರ್ತಿ ಬೆಳಗುತ್ತಿತ್ತು. ಹಿಂದಿನ ದೀಪ ಬಿಚ್ಚೋಣ ಎಂದು ನಾನು ಡಿಕ್ಕಿ ತೆರೆದೆ. "ಮಂಕಾಯ್ತು ಅಂಕಲ್!" ಎಂದ. ನಾನಿನ್ನೂ ಏನನ್ನೂ ಮುಟ್ಟಿರಲಿಲ್ಲ. ಡಿಕ್ಕಿ ಮುಚ್ಚಿದೆ. "ಬಂತು ಅಂಕಲ್!"

ಒಂದೂವರೆ ದಿನ ನಾನು ಮಾಡಿದ್ದ ಪೆದ್ದುತನ ಆಗ ತಿಳಿಯಿತು. ಹುಡುಕಲು ಡಿಕ್ಕಿ ತೆರೆದಾಗಲೆಲ್ಲ ಶಾರ್ಟ್ ಮಾಯವಾಗುತ್ತಿತ್ತು. ಹೊಸ ಫ್ಯೂಸ್ ಹಾಕಿ, ಲೈಟ್ ಉರಿಯುವುದು ನೋಡಿ, ಸರಿಹೋಯಿತು ಎಂದು ಡಿಕ್ಕಿ ಮುಚ್ಚಿ ಹೊರಡುತ್ತಿದ್ದೆ. ಹಂಪಿನ ಮೇಲೆ ಒಂದು ಕುಲುಕು ಸಾಕಾಗುತ್ತಿತ್ತು.

ಹಂತ 5: ವೈರನ್ನು ಅರ್ಧ ಅರ್ಧ ಮಾಡಿ

ಶಾರ್ಟ್ ವೈರಿನಲ್ಲಿದೆ ಎಂದಾದರೆ ಇಡೀ ವೈರಿಂಗ್ ಸುಲಿಯುತ್ತ ಕೂರಬೇಡಿ. ವೈರಿಂಗ್ ಒಂದೇ ತುಂಡಲ್ಲ. ಮುಂದಿನ ಭಾಗ, ಡ್ಯಾಶ್‌ಬೋರ್ಡ್, ನೆಲದ ಮೇಲೆ ಹಿಂದಕ್ಕೆ ಹೋಗುವ ಭಾಗ, ಬಾಗಿಲು, ಡಿಕ್ಕಿ ಹೀಗೆ ತುಂಡುಗಳು, ನಡುವೆ ಕಪ್ಲರ್. ಮಧ್ಯದ ಕಪ್ಲರ್ ಬಿಚ್ಚಿ. ಬಲ್ಬು ಆರಿದರೆ ಶಾರ್ಟ್ ಆಚೆ ಅರ್ಧದಲ್ಲಿ. ಆರದಿದ್ದರೆ ಈಚೆ ಅರ್ಧದಲ್ಲಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. ಮೂರು ನಾಲ್ಕು ಸಲಕ್ಕೆ ಒಂದು ಮೊಳ ವೈರ್ ಉಳಿಯುತ್ತದೆ. ಆ ಮೊಳವನ್ನು ಕೈಯಲ್ಲಿ ಹಿಡಿದು ಬಗ್ಗಿಸಿ, ಎಳೆದು, ಅಲ್ಲಾಡಿಸಿ. ಬಲ್ಬು ಮಿನುಗಿದ ಕಡೆ ಟೇಪ್ ಬಿಚ್ಚಿ.

ನನ್ನ ಕಾರಿನಲ್ಲಿ ಡಿಕ್ಕಿಯ ಕಪ್ಲರ್ ಹಿಂದಿನ ಕಂಬದ ಪ್ಲಾಸ್ಟಿಕ್ ಒಳಗಿತ್ತು. ಡಿಕ್ಕಿ ಮುಚ್ಚಿದಾಗಲೇ ಶಾರ್ಟ್ ಆದ್ದರಿಂದ, ಹಿಂದಿನ ಸೀಟ್ ಮಡಚಿ, ಒಳಗೆ ತೆವಳಿ, ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಬಿಚ್ಚಿದೆ. ಬಲ್ಬು ಮಂಕಾಯಿತು. ಆಮೇಲೆ ಉಳಿದದ್ದು ಡಿಕ್ಕಿಯ ಕೀಲಿನ ಹತ್ತಿರದ ರಬ್ಬರ್ ಕೊಳವೆ. ಅದನ್ನು ಸರಿಸಿದರೆ ಒಳಗೆ ನಂಬರ್ ಪ್ಲೇಟ್ ದೀಪದ ವೈರ್ ಸಿಪ್ಪೆ ಬಿರಿದು ತಾಮ್ರ ತೋರಿಸುತ್ತಿತ್ತು. ಹಿಂದಿನ ವರ್ಷ ಒಂದು ಅಂಗಡಿಯಲ್ಲಿ ಹಾಕಿಸಿದ್ದ ರಿವರ್ಸ್ ಕ್ಯಾಮೆರಾದ ಕೇಬಲನ್ನು ಅದೇ ಕೊಳವೆಯಲ್ಲಿ ತುರುಕಿದ್ದರು. ಕೊಳವೆ ಸ್ವಸ್ಥಾನದಲ್ಲಿ ಕೂರದೆ, ಪ್ರತಿ ಸಲ ಡಿಕ್ಕಿ ಮುಚ್ಚಿದಾಗಲೂ ವೈರ್ ತಗಡಿನ ಅಂಚಿಗೆ ಉಜ್ಜುತ್ತಿತ್ತು.

ಹಂತ 6: ಮೀಟರ್ ಎಲ್ಲಿ ಬೇಕು, ಎಲ್ಲಿ ಮೋಸ ಮಾಡುತ್ತದೆ

ಮೀಟರನ್ನು ಬೀಪ್‌ಗೆ ಇಟ್ಟು, ಒಂದು ಮುಳ್ಳು ಬಾಡಿಗೆ, ಇನ್ನೊಂದು ಫ್ಯೂಸಿನ ಲೋಡ್ ಕಡೆಗೆ ಹಿಡಿದು, ಬೀಪ್ ಬಂದರೆ ಶಾರ್ಟ್ ಅನ್ನುವವರು ತುಂಬಾ ಜನ. ಬಲ್ಬುಗಳು ಸಿಕ್ಕಿಕೊಂಡಿರುವಾಗ ಇದು ಸುಳ್ಳು ಹೇಳುತ್ತದೆ. 21 ವ್ಯಾಟಿನ ಬಲ್ಬು ಉರಿಯುವಾಗ ಸುಮಾರು 7 ಓಮ್. ತಣ್ಣಗಿರುವಾಗ ಅದರ ಹತ್ತನೇ ಒಂದು ಭಾಗದಷ್ಟೇ. ಮೀಟರಿಗೆ ಅದು ಶಾರ್ಟ್ ತರಹವೇ ಕಾಣುತ್ತದೆ, ಬೀಪ್ ಹೊಡೆಯುತ್ತದೆ. ಹಾಗಾಗಿ ಎಲ್ಲ ಲೋಡ್ ಬಿಚ್ಚಿದ ಮೇಲೆಯೇ ಈ ಪರೀಕ್ಷೆ. ಮತ್ತು ಬ್ಯಾಟರಿಯ ನೆಗೆಟಿವ್ ತೆಗೆದ ಮೇಲೆ, ಕರೆಂಟ್ ಇರುವಾಗ ಓಮ್ ಅಳೆಯಬಾರದು.

ಲೋಡ್ ಕಡೆ ಯಾವುದು? ನೆಗೆಟಿವ್ ತೆಗೆಯುವ ಮೊದಲೇ ಗುರುತು ಮಾಡಿಕೊಳ್ಳಿ. ಫ್ಯೂಸ್ ತೆಗೆದು, ಬೇಕಿದ್ದರೆ ಕೀ ಮತ್ತು ಸ್ವಿಚ್ ಆನ್ ಮಾಡಿ, ಮೀಟರನ್ನು ವೋಲ್ಟಿಗೆ ಇಟ್ಟು ಎರಡು ಸಂದಿಯನ್ನೂ ಬಾಡಿಯ ಜೊತೆ ನೋಡಿ. 12 ವೋಲ್ಟ್ ತೋರಿಸಿದ್ದು ಬ್ಯಾಟರಿ ಕಡೆ. ಇನ್ನೊಂದು ಲೋಡ್ ಕಡೆ.

ಆಂಪಿಯರ್‌ಗೆ ಇಟ್ಟ ಮೀಟರನ್ನು ನೇರವಾಗಿ ಬ್ಯಾಟರಿಯ ಎರಡು ತುದಿಗೆ ಹಿಡಿಯಬೇಡಿ. ಅದೂ ಶಾರ್ಟೇ, ನೀವೇ ಕೈಯಾರೆ ಮಾಡಿದ್ದು.

ಹಂತ 7: ರಿಪೇರಿ

ಬ್ಯಾಟರಿ ನೆಗೆಟಿವ್ ತೆಗೆದು ಕೆಲಸ ಮಾಡಿ. ಕೆಟ್ಟ ತುಂಡನ್ನು ಕತ್ತರಿಸಿ, ಅಷ್ಟೇ ದಪ್ಪದ ವಾಹನದ ವೈರ್ ಸೇರಿಸಿ. ಜೋಡಿಸುವ ಮೊದಲು ಸ್ಲೀವ್ ತೂರಿಸಿಡಿ, ಆಮೇಲೆ ನೆನಪಾಗಿ ಹಣೆ ಚಚ್ಚಿಕೊಳ್ಳುವುದು ಬೇಡ. ಬಿಸಿ ಮಾಡಿದರೆ ಬಿಗಿಯಾಗುವ ಸ್ಲೀವೇ ಇರಲಿ. ಎರಡು ಮೂರು ವೈರ್ ಕೆಟ್ಟಿದ್ದರೆ ಜೋಡಣೆಗಳು ಒಂದೇ ಸಾಲಿನಲ್ಲಿ ಬರದ ಹಾಗೆ ಮೇಲೆ ಕೆಳಗೆ ಮಾಡಿ.

ಕೀಲಿನ ಹತ್ತಿರ ಇನ್ನೊಂದು ಮಾತು. ಸೋಲ್ಡರ್ ಮಾಡಿದ ಜಾಗ ಗಟ್ಟಿಯಾಗುತ್ತದೆ, ಮಡಚುವ ಕಡೆ ಅದಿದ್ದರೆ ಅದರ ಪಕ್ಕದಲ್ಲೇ ವೈರ್ ಮುರಿಯುತ್ತದೆ. ಹಾಗಾಗಿ ಹೊಸ ತುಂಡನ್ನು ಉದ್ದ ತೆಗೆದುಕೊಂಡು ಎರಡೂ ಜೋಡಣೆ ಮಡಚುವ ಜಾಗದಿಂದ ಆಚೆ ಬರುವಂತೆ ಮಾಡಿ. ಸ್ವಲ್ಪ ಸಡಿಲು ಬಿಡಿ. ಸುತ್ತಲು ಪ್ಲಾಸ್ಟಿಕ್ ಟೇಪಿಗಿಂತ ಬಟ್ಟೆಯ ಟೇಪ್ ಒಳ್ಳೆಯದು. ನಾನು ಕ್ಯಾಮೆರಾದ ಕೇಬಲಿಗೆ ಬೇರೆ ದಾರಿ ಮಾಡಿ, ರಬ್ಬರ್ ಕೊಳವೆಯನ್ನು ಅದರ ತೂತಿನಲ್ಲಿ ಸರಿಯಾಗಿ ಕೂರಿಸಿದೆ.

ಹಂತ 8: ಫ್ಯೂಸ್ ಹಾಕುವ ಮೊದಲು ಮತ್ತೆ ಬಲ್ಬು

ಎಲ್ಲ ಲೋಡ್ ಮತ್ತೆ ಜೋಡಿಸಿ, ಬಲ್ಬನ್ನೇ ಇಟ್ಟು ಸ್ವಿಚ್ ಹಾಕಿ. ಮಂಕಾಗಿ ಉರಿಯುತ್ತಿದೆಯಾ? ಡಿಕ್ಕಿಯನ್ನು ಹತ್ತು ಸಲ ತೆಗೆದು ಹಾಕಿ, ಬಾಗಿಲು ಬಡಿಯಿರಿ, ಸ್ಟೀರಿಂಗ್ ತಿರುಗಿಸಿ. ಬೆಳಕು ಒಮ್ಮೆಯೂ ಜಿಗಿಯಬಾರದು. ಆಮೇಲೆ ಫ್ಯೂಸಿನ ಜಾಗದಲ್ಲಿ ಮೀಟರನ್ನು 10 ಆಂಪಿಯರ್ ಗೆರೆಯಲ್ಲಿಟ್ಟು ನೋಡಿ. ನಿಮ್ಮ ಚೀಟಿಯ ಲೆಕ್ಕಕ್ಕೂ ಅದಕ್ಕೂ ತಾಳೆ ಆಗಬೇಕು. ನನ್ನದು 2.6 ತೋರಿಸಿತು. ಐದು ಬಲ್ಬು, ಡ್ಯಾಶ್‌ಬೋರ್ಡಿನ ದೀಪಗಳು, ಲೆಕ್ಕ ಸರಿ. ಕೆಂಪು ಫ್ಯೂಸ್ ಹಾಕಿದೆ.

ರಾತ್ರಿ ಬ್ಯಾಟರಿ ಇಳಿಯುತ್ತಿದ್ದರೆ

ಇದಕ್ಕೆ ಬಲ್ಬು ಬೇಡ, ತಾಳ್ಮೆ ಬೇಕು. ನೆಗೆಟಿವ್ ಕೇಬಲಿಗೂ ಬ್ಯಾಟರಿಗೂ ನಡುವೆ ಆಂಪಿಯರ್‌ಗೆ ಇಟ್ಟ ಮೀಟರ್ ಸೇರಿಸಿ, ಕಾರು ಲಾಕ್ ಮಾಡಿ ಅರ್ಧ ಮುಕ್ಕಾಲು ಗಂಟೆ ಬಿಡಿ, ಒಳಗಿನ ಕಂಪ್ಯೂಟರುಗಳು ನಿದ್ದೆ ಮಾಡಲಿ. ಆಮೇಲೆ ಮೀಟರ್ ಸಾಮಾನ್ಯವಾಗಿ 50 ಮಿಲಿ ಆಂಪಿಯರ್ ಒಳಗೆ ತೋರಿಸಬೇಕು. ಜಾಸ್ತಿ ಇದ್ದರೆ ಫ್ಯೂಸುಗಳನ್ನು ಕೀಳಬೇಡಿ, ಕಿತ್ತು ಹಾಕಿದರೆ ಕಂಪ್ಯೂಟರ್ ಎದ್ದು ಕೂರುತ್ತದೆ. ಮೀಟರನ್ನು ಮಿಲಿ ವೋಲ್ಟಿಗೆ ಇಟ್ಟು ಪ್ರತಿ ಫ್ಯೂಸಿನ ತಲೆಯ ಮೇಲಿನ ಎರಡು ಚುಕ್ಕೆ ಮುಟ್ಟಿ. ಸೊನ್ನೆ ಇಲ್ಲದ ಫ್ಯೂಸಿನಲ್ಲಿ ಕರೆಂಟ್ ಹರಿಯುತ್ತಿದೆ. ಆ ಫ್ಯೂಸಿನ ಸಂಸಾರದಲ್ಲಿ ಹುಡುಕಿ.

ಯಾವಾಗ ಬಿಟ್ಟುಕೊಡಬೇಕು

ಈಗಿನ ಕಾರುಗಳಲ್ಲಿ ಎಷ್ಟೋ ಲೈಟುಗಳನ್ನು ಒಂದು ಕಂಪ್ಯೂಟರ್ ನಡೆಸುತ್ತದೆ. ಶಾರ್ಟ್ ಆದರೆ ಫ್ಯೂಸ್ ಹೋಗುವುದಿಲ್ಲ, ಕಂಪ್ಯೂಟರೇ ಸದ್ದಿಲ್ಲದೆ ಕರೆಂಟ್ ನಿಲ್ಲಿಸುತ್ತದೆ. ಅಲ್ಲಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನ ದೂರುಗಳನ್ನು ಓದುವ ಸಾಧನ) ಇಲ್ಲದೆ ಮುಂದೆ ಹೋಗಬೇಡಿ. ಬ್ಯಾಟರಿಯ ಹತ್ತಿರದ ಮುಖ್ಯ ಫ್ಯೂಸ್ ಹೋಗಿದ್ದರೆ, ವೈರ್ ಸುಟ್ಟ ವಾಸನೆ ಬಂದಿದ್ದರೆ, ಏರ್‌ಬ್ಯಾಗ್ ದೀಪ ಉರಿಯುತ್ತಿದ್ದರೆ ಕೂಡ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಹೋಗುವಾಗ ಆ ಚೀಟಿ ತೆಗೆದುಕೊಂಡು ಹೋಗಿ. ಯಾವ ಫ್ಯೂಸ್, ಯಾವಾಗ ಹೋಗುತ್ತದೆ, ಏನೇನು ಬಿಚ್ಚಿ ನೋಡಿದಿರಿ, ಕೊನೆಯದಾಗಿ ಕಾರಿಗೆ ಏನು ಹಾಕಿಸಿದಿರಿ. ಒಳ್ಳೆಯ ಎಲೆಕ್ಟ್ರಿಷಿಯನ್ ಕೇಳುವ ಮೊದಲ ನಾಲ್ಕು ಪ್ರಶ್ನೆ ಇವೇ. ನಾಲ್ಕನೆಯದಕ್ಕೆ ಉತ್ತರ ಕೇಳಿ ಅವರು ನಕ್ಕರೆ ಬೇಜಾರು ಮಾಡಿಕೊಳ್ಳಬೇಡಿ.